ಹದಿನೇಳನೆಯ ಕಿಂಡಿ

ಅಗಳಿ ಹಾಕಿ ಬಂದು ಕುರ್ಚಿಯಲ್ಲಿ ಕೂತ ಸ್ವಲ್ಪ ಹೊತ್ತಿಗೆ ಆ ಸದ್ದು ಮತ್ತೆ ಕೇಳಿತು. ಟಿಕ್. ಉಗುರಿನಿಂದ ಸ್ಟೀಲ್ ಲೋಟದ ಅಂಚನ್ನು ಒಮ್ಮೆ ಮುಟ್ಟಿದಷ್ಟು ಸಣ್ಣ ಸದ್ದು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ತಲೆಯೆತ್ತುವ ಮೊದಲೇ ನನಗೆ ಗೊತ್ತಿತ್ತು, ಹದಿನೇಳನೆಯ ಕಿಂಡಿಯ ಹಸಿರು ದೀಪ ಆರಿದೆ ಎಂದು.

ನಮ್ಮ ಊರಿನ ತಂತಿಮನೆಯಲ್ಲಿ ನಾನು ರಾತ್ರಿ ಪಾಳಿಯವಳು. ಹೊಳೆಯ ಈ ದಂಡೆ, ಆ ದಂಡೆ ಎರಡೂ ಸೇರಿ ನಲವತ್ತೆಂಟು ತಂತಿಗಳು ಇಲ್ಲಿಗೆ ಬಂದು ಒಂದು ಕಪ್ಪು ಪೆಟ್ಟಿಗೆಗೆ ಸೇರುತ್ತವೆ. ನೆಟ್‌ವರ್ಕ್ ಸ್ವಿಚ್ ಎಂದು ಅದರ ಹೆಸರು. ಒಂದು ಮನೆಯಿಂದ ಹೊರಟ ಮಾತನ್ನು ದಾರಿ ತಪ್ಪಿಸದೆ ಇನ್ನೊಂದು ಮನೆಗೆ ಮುಟ್ಟಿಸುವುದು ಅದರ ಕೆಲಸ. ತಂತಿ ಚುಚ್ಚುವ ತೂತನ್ನು ಪುಸ್ತಕದಲ್ಲಿ ಪೋರ್ಟ್ ಎಂದು ಬರೆದಿದೆ, ನಾವು ಕಿಂಡಿ ಎನ್ನುತ್ತೇವೆ. ಒಂದನೆಯದು ಪಂಚಾಯಿತಿ, ನಾಲ್ಕನೆಯದು ಹಿಟ್ಟಿನ ಗಿರಣಿ, ಒಂಬತ್ತನೆಯದು ದೋಣಿಕಟ್ಟೆ. ಹದಿನೇಳನೆಯದು ಆ ದಂಡೆಯ ಹೆರಿಗೆ ಮನೆ. ಅಲ್ಲಿ ನನ್ನ ತಂಗಿ ಸುವರ್ಣಾ ನರ್ಸು. ಊರಿಗಿರುವ ಒಬ್ಬರೇ ಡಾಕ್ಟರು ಕಮತಗಿಯವರು ಇರುವುದು ಈ ದಂಡೆಯಲ್ಲಿ. ನಡುವೆ ಹೊಳೆ, ರಾತ್ರಿ ಕಟ್ಟಿಹಾಕಿದ ದೋಣಿ, ಮತ್ತೆ ಈ ತಂತಿ.

ಸೇತುವೆ ಒಂದಿತ್ತು. ನಮ್ಮಜ್ಜಿಯ ಕಾಲದಲ್ಲಿ ಹೊರಗಿನಿಂದ ಬಂದ ಇಂಜಿನಿಯರೊಬ್ಬ ಅದರ ಮೇಲೆ ನಿಂತು, ನಮ್ಮವರೇ ಕೊಟ್ಟ ಮಜ್ಜಿಗೆ ಕುಡಿಯುತ್ತ, ಆ ಮಾತು ಹೇಳಿಬಿಟ್ಟ. ಅವನ ಲೋಟ ಖಾಲಿಯಾಗುವುದರೊಳಗೆ ಎಲ್ಲರೂ ಓಡಿ ದಂಡೆ ಸೇರಿದ್ದರಿಂದ ಜೀವಗಳು ಉಳಿದವು. ಈಗ ಕಂಬಗಳಷ್ಟೇ ನೀರಿನಲ್ಲಿ ನಿಂತಿವೆ.

ಆ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುತ್ತಿರುವ ಪೆನ್ನು ನನಗೆ ಇನ್ನೂ ಬೇಕು. ಒಂದು ವಸ್ತುವಿನ ಕಥೆ ಮುಗಿಯಿತು ಎಂದು ನಮ್ಮ ಊರಿನಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದರೆ ಅದು ಆ ಗಳಿಗೆಯಲ್ಲೇ ನಿಲ್ಲುತ್ತದೆ. ಹಾಗಾಗಿ ನಾವು ಹೇಳುವುದಿಲ್ಲ. ಮಿಕ್ಸರ್ ತಿರುಗದಿದ್ದರೆ ಯೋಚನೆ ಮಾಡುತ್ತಿದೆ ಎನ್ನುತ್ತೇವೆ. ಬಸ್ಸು ನಿಂತರೆ ಮುನಿಸಿಕೊಂಡಿದೆ ಎಂದು ಇಳಿದು ಅದರ ಸುತ್ತ ಮಾತಾಡುತ್ತ ಕೂರುತ್ತೇವೆ. ಹೊಲಿಗೆ ಯಂತ್ರಕ್ಕೆ ತವರು ನೆನಪಾಗಿದೆ. ಮಕ್ಕಳಿಗೆ ಮಾತು ಬರುವ ಮೊದಲು ಇದನ್ನು ಕಲಿಸುತ್ತೇವೆ.

ಆದರೂ ಕೆಲವನ್ನು ಹೇಳಲೇಬೇಕಾಗುತ್ತದೆ. ಯಾವುದಾದರೂ ವಸ್ತುವಿನ ಮೇಲೆ ಪಂಚಾಯಿತಿಗೆ ಮೂರು ದೂರು ಬಂದರೆ ಹೇಳುವವರು ಬರುತ್ತಾರೆ. ಆ ಮಾತನ್ನು ಆಡುವ ಅಧಿಕಾರ ಅವರೊಬ್ಬರಿಗೇ. ಮೂವತ್ತೊಂದು ವರ್ಷದಿಂದ ಗುರುಸಿದ್ದಯ್ಯನವರು ಆ ಕೆಲಸದಲ್ಲಿದ್ದಾರೆ. ಮೊದಲು ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು, ಮೆತ್ತಗಿನ ಮನುಷ್ಯ. ಅವರು ಬೀದಿಯಲ್ಲಿ ಬಂದರೆ ಹೆಂಗಸರು ಗ್ರೈಂಡರಿನ ಮೇಲೆ ಟವೆಲ್ ಹೊದಿಸುತ್ತಾರೆ, ಸೈಕಲ್ಲಿನವರು ಇಳಿದು ಸೈಕಲ್ಲಿಗೆ ಅಡ್ಡ ನಿಲ್ಲುತ್ತಾರೆ. ಚಹಾದಂಗಡಿಯಲ್ಲಿ ಅವರಿಗೆ ತೆಂಗಿನ ಚಿಪ್ಪಿನಲ್ಲಿ ಚಹಾ ಕೊಡುತ್ತಾರೆ. ಅವರು ಬರುವ ಹಿಂದಿನ ಸಂಜೆ ಬಾಗಿಲಿಗೆ ಸುಣ್ಣದ ಬೊಟ್ಟು ಬೀಳುತ್ತದೆ. ಆ ರಾತ್ರಿಯನ್ನು ಕಡೇರಾತ್ರಿ ಎನ್ನುತ್ತೇವೆ. ಮನೆಯವರು ವಸ್ತುವಿನ ಮುಂದೆ ದೀಪ ಹಚ್ಚಿ, ಹೂ ಏರಿಸಿ, ಬೀಳ್ಕೊಡುತ್ತಾರೆ. ಬೆಳಿಗ್ಗೆ ಹೇಳಿಸಿಕೊಂಡ ವಸ್ತು ಇಟ್ಟಿಗೆ ಭಟ್ಟಿಯ ಹಿಂದಿನ ಗುಡ್ಡಕ್ಕೆ ಹೋಗುತ್ತದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಆ ಮಂಗಳವಾರ ಸಂಜೆ ನಾನು ಪಾಳಿಗೆ ಬಂದಾಗ ತಂತಿಮನೆಯ ಬಾಗಿಲಿಗೆ ಸುಣ್ಣದ ಬೊಟ್ಟು ಇತ್ತು. ಒಳಗೆ ಹಗಲು ಪಾಳಿಯ ದ್ಯಾಮಣ್ಣ ಸ್ವಿಚ್ಚಿಗೆ ಚೆಂಡು ಹೂವಿನ ಹಾರ ಹಾಕಿ ಕೈಕಟ್ಟಿಕೊಂಡು ನಿಂತಿದ್ದ.

"ಗಾಳಿ ಹೋಗೋ ಜಾಗಕ್ಕ ಹಾಕಿಯಲ್ಲೋ ದ್ಯಾಮಣ್ಣ," ಎಂದು ನಾನು ಹಾರವನ್ನು ಪಕ್ಕಕ್ಕೆ ಸರಿಸಿದೆ.

"ಇನ್ನ ಗಾಳಿ ತಗೊಂಡ ಏನ ಮಾಡತೈತ್ರಿ ಅಕ್ಕಾರ, ನಾಳೆ ಏಳಕ್ಕ ಅಜ್ಜಾರ ಬರ್ತಾರ." ಅವನು ಕಣ್ಣೊರೆಸಿಕೊಂಡ. "ಹನ್ನೊಂದು ವರ್ಷ ಮಗನ್ನ ನೋಡಿಧಂಗ ನೋಡೀನಿ. ಹಗಲೆಲ್ಲಾ ಹದಿನೇಳು ಚಿಗರಿ ಹಂಗ ಓಡತೈತಿ. ನಿಮ್ಮ ಪಾಳ್ಯಾಗ ಅಷ್ಟ ಮುನಸ್ಕೊಂತೈತಿ. ನಿಮ್ಮ ಮಾರಿ ನೋಡಿ ಹೆದರತೈತೋ ಏನೋ!"

"ನನ್ನ ಮಾರಿಗೆ ಏನಾಗೈತಿ?"

"ಏನಿಲ್ರಿ. ಯಾವಾಗ ನೋಡಿದ್ರೂ ಕಳ್ಳ ಬಂದಾನ ಅನ್ನೋ ಮಾರಿ."

ಅದು ಸುಳ್ಳಲ್ಲ. ನಾನು ಹೆದರುವವಳು. ಮೂರು ವಾರದ ಹಿಂದೆ ಯಾರೋ ರಾತ್ರಿ ತಂತಿಮನೆಯ ಸುತ್ತ ನಡೆದಾಡಿದಂತೆ ಕೇಳಿಸಿ, ಬಡಿಗೇರನಿಂದ ಹುಣಸೆ ಮರದ ದಪ್ಪ ಅಗಳಿ ಮಾಡಿಸಿ ಬಾಗಿಲಿಗೆ ಹಾಕಿಸಿಕೊಂಡಿದ್ದೇನೆ. ಚಿಲಕದ ಮೇಲೆ ಅಗಳಿ. ಅದರ ಮೇಲೆ ಕಿಟಕಿಯ ಕೊಂಡಿಯನ್ನು ಎರಡೆರಡು ಸಲ ಮುಟ್ಟಿ ನೋಡುವುದು ನನ್ನ ಅಭ್ಯಾಸ.

ದ್ಯಾಮಣ್ಣ ಹೋಗುವ ಮೊದಲು ಹದಿನೇಳಕ್ಕೆ ಕರೆ ಮಾಡಿದೆ. ಬಾಗಿಲು ತೆರೆದಿತ್ತು, ದೀಪ ಹಸಿರಾಗಿತ್ತು, ಒಂದೇ ಸಲಕ್ಕೆ ಸುವರ್ಣಾ ಎತ್ತಿಕೊಂಡಳು.

"ಅಕ್ಕಾ, ಸಿಟ್ಟಾಗೀಯೇನ?"

"ಮೂರನೇ ದೂರು ನಿಂದಂತ."

"ಮೊದಲನೇದೂ ನಂದ. ಎರಡನೇದು ಇಲ್ಲಿ ಆಯಾ ಮಾಲವ್ವಂದು. ಆಕಿ ಕೈಲೆ ನಾನ ಬರಸೀನಿ."

"ಹೊಸಾ ಪೆಟ್ಟಿಗಿ ಬರಾಕ ನಾಕು ತಿಂಗಳ ಬೇಕು. ಗೊತ್ತೈತೋ ಇಲ್ಲೋ ನಿನಗ?"

"ಗೊತ್ತೈತಿ." ಅವಳ ದನಿ ಸಣ್ಣದಾಯಿತು. "ಇಲ್ಲ ಅಂದ್ರ ಇಲ್ಲ ಅಂತ ತಿಳಕೊಂಡ ಇರ್ತೀನಿ. ಐತಿ ಅಂತ ನಂಬಿ ನಡುರಾತ್ರ್ಯಾಗ ಕೂಗಿ ಕೂಗಿ ಉತ್ತರ ಬರಲಿಲ್ಲಂದ್ರ ಏನ ಮಾಡ್ಲಿ ಹೇಳು. ಅವತ್ತ ನೀ ನನ್ನ ಜಾಗಾದಾಗ ಇರಬೇಕಿತ್ತು."

ಅವತ್ತು ಎಂದರೆ ಎರಡು ವಾರದ ಹಿಂದಿನ ರಾತ್ರಿ. ಒಂದು ಕೂಸಿನ ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿಕೊಂಡಿತ್ತು. ಅವಳು ನಲವತ್ತು ನಿಮಿಷ ಕರೆ ಮಾಡಿದ್ದಳು, ನಾನು ಇಲ್ಲಿ ಆರಿದ ದೀಪ ನೋಡುತ್ತ ಕೂತಿದ್ದೆ. ಕಡೆಗೆ ಅಂಬಿಗನನ್ನು ಎಬ್ಬಿಸಿ ದೋಣಿ ಕಳಿಸಿದಳು. ಡಾಕ್ಟರು ಹೋಗಿ ಮುಟ್ಟುವಾಗ ಕೂಸು ನೀಲಿಯಾಗಿತ್ತು. ಉಳಿಯಿತು. ಹೇಗೆ ಉಳಿಯಿತೋ ಸುವರ್ಣಾಗೂ ಗೊತ್ತಿಲ್ಲ.

"ಗುರುವಾರಕ್ಕ ರೇಣವ್ವಂದು ದಿನಾ ತುಂಬತಾವು ಅಕ್ಕಾ," ಎಂದಳು. "ಕೂಸು ಅಡ್ಡ ಐತಿ. ಡಾಕ್ಟರಮ್ಮ ಇಲ್ಲೇ ಬಂದ ಇರ್ತೀನಂದ್ರ ಆ ದಂಡ್ಯಾಗ ಇನ್ನಿಬ್ಬರದು ಹತ್ರ ಬಂದೈತಿ. ಎಲ್ಲಿ ಅಂತ ಇರ್ತಾರ ಅವರು?"

ಇಷ್ಟು ಹೇಳಿ ಇಟ್ಟಳು. ದ್ಯಾಮಣ್ಣ ಹನ್ನೊಂದೂವರೆಯವರೆಗೂ ಪೆಟ್ಟಿಗೆಯ ಮುಂದೆ ಕೂತಿದ್ದು ಹೋದ. ನಾನು ಅಗಳಿ ಹಾಕಿದೆ, ಕಿಟಕಿ ಎರಡು ಸಲ ಮುಟ್ಟಿದೆ, ಕೂತೆ, ಆ ಸದ್ದು ಕೇಳಿತು, ದೀಪ ಆರಿತು.

ಸ್ವಿಚ್ಚಿನ ಜೊತೆ ಬಂದ ದಪ್ಪ ಪುಸ್ತಕವೊಂದಿದೆ. ಅದರಲ್ಲಿ ಇನ್ನೂರ ಹನ್ನೆರಡರಿಂದ ಇನ್ನೂರ ಮೂವತ್ತೆಂಟರವರೆಗಿನ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ. ತಾನು ಕೆಲಸಕ್ಕೆ ಸೇರಿದ ದಿನವೇ ದ್ಯಾಮಣ್ಣ ಮೈದಾ ಅಂಟು ಕಾಯಿಸಿ ಅಂಟಿಸಿದ್ದ. ಕಾರಣ ಕೇಳಿದಾಗ ಸುತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಅದರಾಗ ಪೆಟ್ಟಿಗಿಗೆ ಪ್ರಶ್ನೆ ಕೇಳೂದು ಐತ್ರಿ. ಅದು ತನ್ನ ಬಾಯಿಲೆ ತಾನ ಉತ್ತರಾ ಕೊಡತೈತಂತ," ಎಂದಿದ್ದ. ನಮ್ಮಲ್ಲಿ ವಸ್ತುವೇ ತನ್ನ ಬಗ್ಗೆ ಆ ಮಾತು ಆಡಿಕೊಂಡರೆ ಅದೂ ಲೆಕ್ಕಕ್ಕೆ ಬರುತ್ತದೆ. ಗಿರಣಿಯ ತೂಕದ ಯಂತ್ರದಲ್ಲಿ ಒಂದು ಬೆಳಿಗ್ಗೆ ತಾನಾಗಿ ಕೆಂಪು ಅಕ್ಷರ ಮೂಡಿತು, ಅಲ್ಲಿಗೆ ಮುಗಿಯಿತು. ಅಂದಿನಿಂದ ಅಕ್ಷರ ಮೂಡುವ ಯಂತ್ರಗಳ ಮುಖಕ್ಕೆಲ್ಲ ನಾವು ಬಟ್ಟೆ ಕಟ್ಟುತ್ತೇವೆ.

ನಾನು ಹೊರಗಿನ ಊರಿನಲ್ಲಿ ಭೌತಶಾಸ್ತ್ರ ಓದಿ ಬಂದವಳು. ಅಲ್ಲಿನ ಪ್ರಯೋಗಾಲಯದಲ್ಲಿ ಒಂದೇ ಅಳತೆಯನ್ನು ಮೂರು ಸಲ ತೆಗೆಸುತ್ತಿದ್ದರು. ಮೊದಲನೆಯದನ್ನು ಯಾರೂ ನಂಬುತ್ತಿರಲಿಲ್ಲ. ಊರಿಗೆ ಮರಳಿದ ಮೇಲೆ ಆ ಅಭ್ಯಾಸ ಕಿಟಕಿಯ ಕೊಂಡಿಗಷ್ಟೇ ಉಳಿದಿತ್ತು.

ನಾಳೆ ಏಳು ಗಂಟೆಗೆ ಹೇಗೂ ಇದರ ಕಥೆ ಮುಗಿಯುತ್ತದೆ ಎನ್ನುವುದು ಒಂದು ಧೈರ್ಯ ಕೊಟ್ಟಿತು. ಚಹಾದ ಕಿಟ್ಲಿಯಲ್ಲಿ ನೀರು ಕುದಿಸಿ, ಅದರ ಮೂತಿಗೆ ಪುಸ್ತಕ ಹಿಡಿದೆ. ಹಬೆಗೆ ಮೈದಾ ಮೆತ್ತಗಾಗಿ ಪುಟಗಳು ಒಂದೊಂದಾಗಿ ಬಿಟ್ಟುಕೊಂಡವು. ತುದಿಬೆರಳು ಸುಟ್ಟವು. ಹನ್ನೊಂದು ವರ್ಷ ಬೆಳಕು ಕಾಣದ ಹಾಳೆಗಳು ಒದ್ದೆಯಾಗಿ, ಹಳೆಯ ರೊಟ್ಟಿಯ ವಾಸನೆ ಬಂತು.

ಓದಿದೆ. ಎರಡು ಸಲ ಓದಿದೆ. ಕೀಲಿಮಣೆಯ ಎದುರು ಕೂತು ಸಾಲೊಂದನ್ನು ಒತ್ತಿದರೆ ಸ್ವಿಚ್ಚು ತನ್ನ ಅಂಗಾಂಗಗಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ನೆನಪು, ಗಾಳಿ ಹಾಕುವ ಫ್ಯಾನು, ವಿದ್ಯುತ್ತು, ಆಮೇಲೆ ಒಂದೊಂದೇ ಕಿಂಡಿ. ಚೆನ್ನಾಗಿದ್ದರೆ ಪರದೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ಇಲ್ಲದಿದ್ದರೆ ಎಫ್ ಎಂಬ ಅಕ್ಷರ. ಇನ್ನೂ ಕೇಳಿಲ್ಲದ್ದಕ್ಕೆ ಯು. ಕಿಂಡಿಗಳನ್ನು ಪೂರ್ತಿ ಪರೀಕ್ಷಿಸಲು ಒಂದು ಗಿಡ್ಡ ಪ್ಲಗ್ಗು ಬೇಕು, ಕಿಂಡಿಯಿಂದ ಹೊರಟ ಮಾತು ತಿರುಗಿ ಅದೇ ಕಿಂಡಿಗೆ ಬರುವಂತೆ. ತಂತಿಯೊಳಗಿನ ಎಂಟು ಎಳೆಗಳಲ್ಲಿ ಒಂದನೆಯದನ್ನು ಮೂರನೆಯದಕ್ಕೆ, ಎರಡನೆಯದನ್ನು ಆರನೆಯದಕ್ಕೆ ಹೊಸೆಯಬೇಕು. ಹಳೆಯ ತಂತಿಯೊಂದರ ತುದಿ ಕತ್ತರಿಸಿ, ಹಲ್ಲಿನಿಂದ ಸಿಪ್ಪೆ ಸುಲಿದು, ಬೆರಳಲ್ಲೇ ಹೊಸೆದು, ಮೇಲೆ ಟೇಪು ಸುತ್ತಿದೆ.

ಊರು ಪೂರ್ತಿ ಮಲಗುವುದನ್ನು ಕಾಯಬೇಕಿತ್ತು, ಯಾಕೆಂದರೆ ಪರೀಕ್ಷೆ ನಡೆಯುವಷ್ಟು ಹೊತ್ತು ಎಲ್ಲ ತಂತಿಗಳೂ ಸುಮ್ಮನಾಗುತ್ತವೆ. ಎರಡು ಗಂಟೆಗೆ ಈ ಕಡೆಯಿಂದ ನಲವತ್ತೆಂಟನ್ನೂ ನೋಡಿದೆ. ಯಾರೂ ಮಾತಾಡುತ್ತಿರಲಿಲ್ಲ. ಪರದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಸಾಲು ಬರೆದು ಒತ್ತಿದೆ. ಪರದೆ ಕೇಳಿತು: ಈ ಪರೀಕ್ಷೆಯಿಂದ ಸಂಪರ್ಕ ಕಡಿಯುತ್ತದೆ, ಮುಂದುವರಿಯಲೇ, ಹೌದೋ ಅಲ್ಲವೋ. ಇಷ್ಟು ವಿನಯದಿಂದ ನಮ್ಮ ಊರಿನಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಹೌದು ಎಂದು ಒತ್ತಿದೆ.

ದೀಪಗಳೆಲ್ಲ ಒಮ್ಮೆಗೇ ಆರಿದವು. ಫ್ಯಾನು ಜೋರಾಗಿ ತಿರುಗಿ ಮೆತ್ತಗಾಯಿತು. ಆಮೇಲೆ ಪರದೆಯಲ್ಲಿ ನಲವತ್ತೆಂಟು ಯು ಅಕ್ಷರಗಳು ಬಂದು ಸಾಲಾಗಿ ನಿಂತವು. ಹನ್ನೊಂದು ವರ್ಷದಲ್ಲಿ ಯಾರೂ ಒಂದು ಸಲವೂ ಕೇಳಿರಲಿಲ್ಲ.

ನೆನಪಿಗೆ ಚುಕ್ಕೆ ಬಿತ್ತು. ಫ್ಯಾನಿಗೆ ಚುಕ್ಕೆ. ವಿದ್ಯುತ್ತಿಗೆ ಚುಕ್ಕೆ. ಒಂದನೆಯ ಕಿಂಡಿಯ ತಂತಿ ತೆಗೆದು ಪ್ಲಗ್ಗು ಚುಚ್ಚಿದೆ. ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದೆ, ತಪ್ಪಿ ಬಾಯಿಂದ ಏನಾದರೂ ಬಂದೀತೆಂದು. ಚುಕ್ಕೆ. ಪ್ಲಗ್ಗು ತೆಗೆದು ಎರಡಕ್ಕೆ. ಚುಕ್ಕೆ. ಮೂರು, ನಾಲ್ಕು. ದೋಣಿಕಟ್ಟೆಗೆ ಚುಕ್ಕೆ ಬಿದ್ದಾಗ ಸೆರಗು ಬಿಟ್ಟು ಉಸಿರಾಡಿದೆ. ಹದಿನಾರಕ್ಕೂ ಬಿತ್ತು. ಪ್ಲಗ್ಗು ತೆಗೆದು ಹದಿನೇಳಕ್ಕೆ ಚುಚ್ಚಿದೆ.

ಪರದೆಯ ಗೆರೆ ಮಿಟುಕಿತು, ಮಿಟುಕಿತು. ಉಳಿದವಕ್ಕಿಂತ ಹೆಚ್ಚು ಹೊತ್ತಾಯಿತು. ಆಮೇಲೆ ಎಫ್ ಬಂತು.

ಟಿಕ್ ಎಂದಿತು ಪೆಟ್ಟಿಗೆ. ಈ ಸಲ ಸದ್ದು ಬೇರೆಯಿತ್ತು, ಒಳಗೆ ಏನೋ ಬಾಗಿಲು ಹಾಕಿಕೊಂಡಂತೆ.

ಪ್ಲಗ್ಗು ಕಿತ್ತೆ. ಪಕ್ಕದ ಕಿಂಡಿಯ ತಂತಿಯನ್ನು ತಂದು ಹದಿನೇಳಕ್ಕೆ ಚುಚ್ಚಿದೆ, ಗೋಡೆಗೆ ಚುಚ್ಚಿದಂತಾಯಿತು. ಅದೇ ತಂತಿಯನ್ನು ಹದಿನಾರಕ್ಕೆ ಚುಚ್ಚಿದರೆ ತನ್ನ ಪಾಡಿಗೆ ದೀಪ ಬೆಳಗಿತು. ಹಾಗಾದರೆ ಮುಗಿಯಿತು. ಗುರುಸಿದ್ದಯ್ಯನವರು ಬರುವವರೆಗೂ ಕಾಯದೆ ನಾನೇ ಹೇಳಿಸಿದೆ. ಪೆಟ್ಟಿಗೆಯ ಬಾಯಿಂದಲೇ ಹೇಳಿಸಿದೆ. ಗುರುವಾರ ಸುವರ್ಣಾ ರೇಣವ್ವನ ಕೈ ಹಿಡಿದುಕೊಂಡು ಇನ್ನೊಂದು ಕೈಯಿಂದ ಕರೆ ಮಾಡುವುದು ಕಣ್ಣಿಗೆ ಕಟ್ಟಿತು.

ಅಳುವುದಕ್ಕೂ ಮೊದಲು ನನ್ನ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಪ್ಲಗ್ಗನ್ನು ಎರಡನೆಯ ಸಲ ಮುಟ್ಟಿ ನೋಡಿತು. ತೋರುಬೆರಳಿಗೆ ಏನೋ ಚುಚ್ಚಿತು. ದೀಪಕ್ಕೆ ಹಿಡಿದೆ. ಟೇಪಿನ ಸಂದಿಯಿಂದ ತಾಮ್ರದ ಎಳೆಯೊಂದು ಹೊರಗೆ ಬಂದು ನಿಂತಿತ್ತು. ಎರಡನೆಯದು, ಆರನೆಯದು ಬಿಟ್ಟುಕೊಂಡಿದ್ದವು. ಹದಿನಾರು ಸಲ ಚುಚ್ಚಿ, ಹದಿನಾರು ಸಲ ಎಳೆದು, ನನ್ನ ಬೆರಳಿನ ಹೊಸೆತ ಸಡಿಲಾಗಿತ್ತು. ಕಿಂಡಿ ಮಾತನ್ನು ಸರಿಯಾಗಿಯೇ ಕಳಿಸಿತ್ತು. ತಿರುಗಿ ಬರುವ ದಾರಿಯನ್ನು ನಾನು ಕೊಟ್ಟಿರಲಿಲ್ಲ.

ಆದರೂ ಆ ಮಾತು ಬಂದಾಗಿತ್ತಲ್ಲ. ನಮ್ಮ ಊರಿನಲ್ಲಿ ಅದು ಸರಿಯೋ ತಪ್ಪೋ ಎಂದು ಯಾರೂ ನೋಡುವುದಿಲ್ಲ. ಬಂದರೆ ಬಂತು. ಹೇಳಿದ ವಸ್ತುವನ್ನು ಗುಡ್ಡಕ್ಕೆ ಹಾಕಿ ತಿರುಗಿ ನೋಡದೆ ಬರುತ್ತೇವೆ. ತಿರುಗಿ ನೋಡಿದವರು ಯಾರು? ಒಂದು ಸಲ ಹೇಳಿಸಿಕೊಂಡದ್ದನ್ನು ಎರಡನೆಯ ಸಲ ಕೇಳಿದವರು ಒಬ್ಬರಾದರೂ ಇದ್ದಾರೆಯೇ?

ಎಳೆಗಳನ್ನು ಮತ್ತೆ ಹೊಸೆದೆ. ಈ ಸಲ ಮಡಿಸಿ, ಇಕ್ಕಳದಿಂದ ಅದುಮಿ, ಟೇಪನ್ನು ಮೂರು ಸುತ್ತು ಬಿಗಿದೆ. ಹದಿನೇಳಕ್ಕೆ ಚುಚ್ಚಿದೆ. ಅದೊಂದೇ ಕಿಂಡಿಯನ್ನು ಮತ್ತೆ ಕೇಳುವ ಸಾಲು ಬರೆದು, ಯಾರಿಗೆ ಎಂದು ಗೊತ್ತಿಲ್ಲದೆ ಕೈಮುಗಿದು, ಒತ್ತಿದೆ.

ಗೆರೆ ಮಿಟುಕಿತು. ಮಿಟುಕಿತು. ಏನೂ ಇಲ್ಲ. ನಾನು ಎದ್ದು ನಿಂತೆ, ಕೂತೆ. ಒಳಗೆಲ್ಲೋ ಟಿಕ್ ಎಂದಿತು.

ಚುಕ್ಕೆ.

ಎಫ್ ಇದ್ದ ಸಾಲಿನ ಕೆಳಗೆ ಹೊಸ ಸಾಲು, ಹದಿನೇಳು, ಎರಡು ಗಂಟೆ ಐವತ್ತೊಂದು ನಿಮಿಷ, ಚುಕ್ಕೆ. ಕಿಂಡಿಯ ಮೇಲೆ ಸಾಸಿವೆ ಕಾಳಿನಷ್ಟು ಹಸಿರು ದೀಪ. ನಾನು ಕೂಗಿದೆ. ಏನು ಕೂಗಿದೆನೋ, ಮಾತಂತೂ ಅಲ್ಲ. ಹಾರದಿಂದ ಒಂದು ಚೆಂಡು ಹೂ ಕಿತ್ತು ತಲೆಗೆ ಮುಡಿದುಕೊಂಡು ಉಳಿದ ಮೂವತ್ತೊಂದು ಕಿಂಡಿಗಳಿಗೂ ಪ್ಲಗ್ಗು ಚುಚ್ಚುತ್ತ ಹೋದೆ. ಚುಕ್ಕೆ, ಚುಕ್ಕೆ, ಚುಕ್ಕೆ. ರಂಗೋಲಿಗೆ ಇಟ್ಟ ಹಾಗೆ ಪರದೆ ತುಂಬಿತು.

ಪೆಟ್ಟಿಗೆ ಗಟ್ಟಿಯಾಗಿತ್ತು. ತಂತಿಗಳನ್ನು ತಿರುಗಿ ಅವುಗಳ ಕಿಂಡಿಗೆ ಹಾಕಿದೆ. ನಲವತ್ತೇಳು ದೀಪ ಬೆಳಗಿದವು, ಹದಿನೇಳು ಬೆಳಗಲಿಲ್ಲ. ಆದರೆ ಬುದ್ಧಿ ಓಡತೊಡಗಿತ್ತು. ಕಿಂಡಿ ಸರಿ ಇದ್ದರೆ ತೊಂದರೆ ಅದರಿಂದ ಆಚೆ. ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂಬಾಲಿಸಿದೆ. ಬೀರುವಿನ ಹಿಂದೆ, ಗೋಡೆಯ ಬುಡಕ್ಕೆ, ಮೊಣಕಾಲ ಮೇಲೆ ತೆವಳುತ್ತ ಬಾಗಿಲವರೆಗೆ. ಎಂದೋ ದ್ಯಾಮಣ್ಣ ಚೌಕಟ್ಟಿನ ಕೆಳಮೂಲೆಯಲ್ಲಿ ಕಚ್ಚು ಹಾಕಿ ಆ ತಂತಿಯನ್ನು ಅಲ್ಲಿಂದ ಹೊರಗೆ ಬಿಟ್ಟಿದ್ದ. ಬಾಗಿಲು ಅದರ ಮೇಲೆ ಕೂತಿತ್ತು. ಚಿಲಕವಷ್ಟೇ ಇದ್ದಾಗ ಕೂದಲೆಳೆಯಷ್ಟು ಜಾಗ ಉಳಿಯುತ್ತಿತ್ತು. ಈಗ ಹುಣಸೆ ಮರದ ಅಗಳಿ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದಿತ್ತು.

ಅಗಳಿ ತೆಗೆದೆ. ಬೆನ್ನ ಹಿಂದೆ ದೀಪ ಬೆಳಗಿದ್ದು ಗೋಡೆಯ ಮೇಲಿನ ಬೆಳಕಿನಲ್ಲೇ ಗೊತ್ತಾಯಿತು. ಹಾಕಿದೆ, ಸ್ವಲ್ಪ ಹೊತ್ತಿಗೆ ಆರಿತು. ಮೂರು ಸಲ ಮಾಡಿದೆ. ಮೂರು ಸಲವೂ ಹಾಗೆಯೇ. ಹಗಲು ದ್ಯಾಮಣ್ಣ ಗಾಳಿಗೆಂದು ಬಾಗಿಲು ತೆಗೆದಿಡುತ್ತಿದ್ದ, ಹದಿನೇಳು ಓಡುತ್ತಿತ್ತು. ರಾತ್ರಿ ನಾನು ಹೆದರಿ ಅಗಳಿ ಹಾಕುತ್ತಿದ್ದೆ. ಆ ಕೂಸು ನೀಲಿಯಾದದ್ದು ನನ್ನ ಅಗಳಿಯಿಂದ.

ಇದನ್ನು ಬರೆಯುವುದು ಸುಲಭವಲ್ಲ, ಆದರೂ ಆ ಹೊತ್ತಿನಲ್ಲಿ ನನ್ನಲ್ಲಿ ಹೆಚ್ಚಿದ್ದು ಸಂತೋಷವೇ. ಬಾಗಿಲನ್ನು ಪೂರ್ತಿ ತೆರೆದು, ಅಗಳಿಯನ್ನು ಹೊರಗೆ ಬೇಲಿಯಾಚೆ ಎಸೆದು, ಹದಿನೇಳಕ್ಕೆ ಕರೆ ಮಾಡಿದೆ.

"ಯಾಕ, ಏನಾತು?" ಸುವರ್ಣಾಳ ನಿದ್ದೆಗಣ್ಣಿನ ದನಿ. ಆಮೇಲೆ ಎಚ್ಚರಾಗಿ, "ಅಕ್ಕಾ! ರಾತ್ರ್ಯಾಗ ಹತ್ತೇತಲ್ಲ ಇದು!"

"ಹತ್ತೇತಿ. ನನ್ನ ಅಗಳಿ ತಂತೀನ ಹಿಚುಕಿತ್ತು. ತಪ್ಪು ನಂದ ಸುವರ್ಣಾ."

"ನಿನ್ನ ಅಂಜಿಕಿಗಿಷ್ಟ ಬೆಂಕಿ ಹಾಕ," ಎಂದು ಬೈದು, ಅಳತೊಡಗಿದಳು.

ಏಳು ಗಂಟೆಗೆ ಹೊರಗೆ ಅರ್ಧ ಊರು ಸೇರಿತ್ತು. ಗುರುಸಿದ್ದಯ್ಯನವರು ಒಬ್ಬರೇ ಒಳಗೆ ಬಂದರು, ಕಟ್ಟಳೆ ಹಾಗಿದೆ. ಎಪ್ಪತ್ತರ ಹತ್ತಿರದ ವಯಸ್ಸು, ಒಗೆದು ತೆಳ್ಳಗಾದ ಬಿಳಿ ಅಂಗಿ. ಯಾವುದಕ್ಕೂ ತಾಗದಂತೆ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದರು. ನನ್ನ ತಲೆಯ ಚೆಂಡು ಹೂವನ್ನು ನೋಡಿದರು.

"ಬೀಳ್ಕೊಟ್ಟಿಯೇನವಾ?"

"ಇಲ್ರಿ ಅಜ್ಜಾರ. ಕೇಳಿದೆ."

ಪರದೆ ತೋರಿಸಿದೆ. ಚುಕ್ಕೆ ಎಂದರೇನು, ಅಕ್ಷರ ಎಂದರೇನು ಎಂದು ಹೇಳಿದೆ. ಗಡಿಯಾರದ ಸಣ್ಣ ಸಣ್ಣ ಹಲ್ಲುಗಳನ್ನು ನೋಡಿ ಪಳಗಿದ ಕಣ್ಣು ಅವರದು. ಬೆರಳನ್ನು ಪರದೆಗೆ ತಾಗಿಸದೆ ಒಂದೊಂದೇ ಸಾಲು ಇಳಿದು ಬಂದು ಹದಿನೇಳರಲ್ಲಿ ನಿಂತರು. ಆ ಎರಡು ಸಾಲುಗಳನ್ನು ಅಳಿಸಲು ನನಗೆ ಬರುತ್ತಿರಲಿಲ್ಲ. ಬಂದಿದ್ದರೂ ಅಳಿಸುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

"ಇಲ್ಲಿ ಅಂದಬಿಟ್ಟೈತಲ್ಲವಾ ಇದು," ಎಂದರು ಮೆಲ್ಲಗೆ.

"ಅಂದಿತ್ರಿ. ದೀಪ ಆರಿತ್ತು. ನಾನ ಕಣ್ಣಾರೆ ನೋಡೀನಿ. ಆದರ ನನ್ನ ಪ್ಲಗ್ಗು ಸಡ್ಲ ಆಗಿತ್ತು, ಅದಕ್ಕ ಬಿಗಿ ಮಾಡಿ ಮತ್ತೊಂದ ಸಲ ಕೇಳಿದೆ."

"ಮತ್ತೊಂದ ಸಲ."

"ಹೂನ್ರಿ."

"ಅಂದ ಮ್ಯಾಲೆ."

"ಅಂದ ಮ್ಯಾಲೇರಿ."

ಅವರು ದ್ಯಾಮಣ್ಣನ ಸ್ಟೂಲಿನ ಮೇಲೆ ಕೂತರು. ಹೊರಗೆ ಜನರ ಗದ್ದಲ ಕೇಳುತ್ತಿತ್ತು, ಒಬ್ಬರು ಇನ್ನೊಬ್ಬರಿಗೆ ಸುಮ್ಮನಿರಲು ಹೇಳುತ್ತಿದ್ದರು. "ಆ ಗುಡ್ಡದಾಗ ಎಷ್ಟ ಸಾಮಾನ ಅದಾವ ಗೊತ್ತೈತೇನವಾ ನಿನಗ?" ಎಂದರು. "ಎಲ್ಲಾ ಈ ಬಾಯಿಲೆ ಅಂದದ್ದು. ಒಂದನ್ನರ ತಿರುಗಿ ಕೇಳಬೇಕು ಅಂತ ಹೊಳೀಲಿಲ್ಲ ನೋಡು ನನಗ."

ಆಮೇಲೆ ಅಂಗಿಯ ಒಳಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ತೊಡೆಯ ಮೇಲೆ ಬಿಚ್ಚಿದರು. ಸರಪಳಿ ಇದ್ದ ಹಳೆಯ ಜೇಬುಗಡಿಯಾರ. ಹೇಳುವವರಾಗಲು ಮೊದಲು ತನಗೆ ಪ್ರೀತಿಯದೊಂದನ್ನು ಎಲ್ಲರೆದುರು ಹೇಳಿ ತೋರಿಸಬೇಕು, ಆ ಪದ್ಧತಿ ನನಗೂ ಗೊತ್ತಿತ್ತು. ಅವರು ಏನನ್ನು ಹೇಳಿದ್ದರು ಎಂಬುದು ಗೊತ್ತಿರಲಿಲ್ಲ.

"ನಮ್ಮಪ್ಪಂದು. ಗುಡ್ಡಕ್ಕ ಹಾಕಬೇಕಿತ್ತು. ಕೈ ಬರಲಿಲ್ಲ." ಕದ್ದು ಸಿಕ್ಕಿಬಿದ್ದ ಹುಡುಗನಂತೆ ನನ್ನತ್ತ ನೋಡಿದರು. "ಇದನ್ನ ಹೆಂಗ ಕೇಳೂದವಾ? ನಿನ್ನ ಹಂಗ ನನಗ ಸಾಲು ಬರಿಯಾಕ ಬರೂದಿಲ್ಲ."

"ಕೀಲಿ ಕೊಡ್ರಿ ಅಜ್ಜಾರ. ಕಿವಿಗೆ ಹಿಡೀರಿ. ಅಷ್ಟರಿ."

ಮೂವತ್ತೊಂದು ವರ್ಷ ಅವರು ಅದಕ್ಕೆ ಕೀಲಿ ಕೊಟ್ಟಿರಲಿಲ್ಲ. ಬೆರಳುಗಳು ಮರೆತಿರಲಿಲ್ಲ. ಎರಡು ಸುತ್ತು ತಿರುಗಿಸಿ, ನಿಂತು, ಮೂರನೆಯದನ್ನು ಬಹಳ ನಿಧಾನಕ್ಕೆ ತಿರುಗಿಸಿದರು. ಕಿವಿಗೆ ಹಿಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ನಾನು ಮಾತಾಡಬಾರದೆಂದು ಸೆರಗು ಕಚ್ಚಿದೆ. ಅವರು ಗಡಿಯಾರವನ್ನು ನನ್ನ ಕಿವಿಗೆ ಹಿಡಿದರು.

ಟಿಕ್, ಟಿಕ್, ಟಿಕ್, ಟಿಕ್.

ಅವರು ಗಡಿಯಾರವನ್ನು ಮತ್ತೆ ಗಂಟು ಕಟ್ಟಿ ಒಳಜೇಬಿಗೆ ಹಾಕಿಕೊಂಡರು.

ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತು, ಊರೇ ಉಸಿರು ಹಿಡಿದಿರುವಾಗ, ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತನ್ನು ಗಟ್ಟಿಯಾಗಿ ಹೇಳಿದರು. "ಪೆಟ್ಟಿಗಿ ಚಲೋ ಐತಿ!" ಜನರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ದ್ಯಾಮಣ್ಣ ಎಗರಿದ ನೋಡಿ, ಚಪ್ಪಲಿ ಒಂದು ಕಡೆ, ಟವೆಲ್ ಒಂದು ಕಡೆ. ನನ್ನನ್ನು ಎತ್ತಿಕೊಳ್ಳಲು ಬಂದವನು ನಾನು ಹೆಂಗಸೆಂದು ನೆನಪಾಗಿ, ಸ್ವಿಚ್ಚಿಗೆ ಹಾಕಿದ್ದ ಹಾರವನ್ನು ತಂದು ನನ್ನ ಕೊರಳಿಗೇ ಹಾಕಿದ. "ಅಕ್ಕಾರ, ನಿಮ್ಮ ಮಾರಿ ಬಗ್ಗೆ ಅಂದದ್ದು ವಾಪಸ್ ತಗೊಂಡೆ!" ಆ ದಂಡೆಯಿಂದಲೂ ಕೂಗು ಕೇಳಿತು. ಚಹಾದಂಗಡಿಯವನು ಗುರುಸಿದ್ದಯ್ಯನವರಿಗೆ ಗಾಜಿನ ಲೋಟದಲ್ಲಿ ಚಹಾ ತಂದುಕೊಟ್ಟ. ಅವರು ಎರಡೂ ಕೈಯಲ್ಲಿ ಹಿಡಿದು ಕುಡಿದರು.

ಗುರುವಾರ ರಾತ್ರಿ ಒಂದೂವರೆಗೆ ಹದಿನೇಳು ಕರೆಯಿತು. ಡಾಕ್ಟರು ಎರಡಕ್ಕೆ ದೋಣಿಯಲ್ಲಿದ್ದರು. ನಾಲ್ಕಕ್ಕೆ ಸುವರ್ಣಾ ಕರೆ ಮಾಡಿ ರಿಸೀವರನ್ನು ಕೂಸಿನ ಬಾಯಿಯ ಹತ್ತಿರ ಹಿಡಿದಳು. ಅಷ್ಟು ದೊಡ್ಡ ದನಿ ಆ ತಂತಿಯಲ್ಲಿ ಎಂದೂ ಬಂದಿರಲಿಲ್ಲ.

ಈಗ ನಾನು ಬಾಗಿಲು ತೆರೆದಿಟ್ಟೇ ಕೂರುತ್ತೇನೆ. ಹೆದರಿಕೆ ಹೋಗಿಲ್ಲ, ತೆರೆದ ಬಾಗಿಲಿನೆದುರು ಅದೂ ಕೂತಿರುತ್ತದೆ. ಹಾಗೆ ಕೂತಿದ್ದಾಗ ಹನ್ನೆರಡು ದಿನದ ಹಿಂದೆ ಗುರುಸಿದ್ದಯ್ಯನವರನ್ನು ಕಂಡೆ. ಭಟ್ಟಿಯ ಕಡೆಯಿಂದ ಬರುತ್ತಿದ್ದರು, ಹೆಗಲ ಮೇಲೆ ಹೊಲಿಗೆ ಯಂತ್ರದ ತಲೆ. ಮರುದಿನ ಊರಲ್ಲಿ ಒಂದೇ ಸುದ್ದಿ. ಮಾಲವ್ವನ ಹೊಸ್ತಿಲ ಮೇಲೆ ಎಂಟು ವರ್ಷದ ಹಿಂದೆ ಗುಡ್ಡಕ್ಕೆ ಹೋದ ಯಂತ್ರ ಎಣ್ಣೆ ಹಾಕಿಸಿಕೊಂಡು ಬಂದು ಕೂತಿದೆ, ಹೊಲಿಯುತ್ತಿದೆ. ಆಮೇಲೆ ಒಂದು ರೇಡಿಯೋ. ಆಮೇಲೆ ಗಿರಣಿಯ ತೂಕದ ಯಂತ್ರ. ಎಲ್ಲವೂ ಬರುತ್ತಿಲ್ಲ. ಕೆಲವು ರಾತ್ರಿ ಅವರು ಬರಿಗೈಯಲ್ಲಿ ಮರಳುತ್ತಾರೆ. ನಿನ್ನೆ ಹೊಳೆಯ ದಂಡೆಯಲ್ಲಿ ನಿಂತು ಸೇತುವೆಯ ಕಂಬಗಳನ್ನು ಬಹಳ ಹೊತ್ತು ನೋಡುತ್ತಿದ್ದರು.

ಇಂದು ಸಂಜೆ ಪಂಚಾಯಿತಿಯವರು ನನ್ನನ್ನು ಕೇಳಲು ಬಂದರು. ರಾತ್ರಿಯಿಡೀ ಎಚ್ಚರಿರುವವಳು ನಾನೊಬ್ಬಳೇ, ಬಾಗಿಲು ಬೇರೆ ತೆಗೆದಿರುತ್ತದೆ, ಏನಾದರೂ ಕಂಡಿರಬೇಕಲ್ಲ ಎಂದರು. ಆ ಮಾತನ್ನು ಹಿಂದಕ್ಕೆ ಪಡೆಯಬಹುದು ಎಂದು ಗೊತ್ತಾದರೆ ನಾಳೆಯಿಂದ ಪ್ರತಿಯೊಬ್ಬರೂ ಅದನ್ನು ಬಾಯಿಗೆ ಬಂದಂತೆ ಆಡುತ್ತಾರೆ. ಅದಕ್ಕಿಂತ ಮೊದಲು ಮೂವತ್ತೊಂದು ವರ್ಷದ ಲೆಕ್ಕ ಕೇಳಲು ಆ ಮುದುಕನ ಮನೆಯ ಮುಂದೆ ನಿಲ್ಲುತ್ತಾರೆ. ನಾನು ರಿಜಿಸ್ಟರು ತೆಗೆದು ತೋರಿಸಿದೆ. ಹನ್ನೆರಡು ರಾತ್ರಿಗಳೆದುರೂ ನನ್ನ ಅಕ್ಷರದಲ್ಲಿ ಒಂದೇ ಪದವಿದೆ: ವಿಶೇಷವಿಲ್ಲ.

ಇದನ್ನೆಲ್ಲ ಬರೆದಿರುವುದು ಆ ದಪ್ಪ ಪುಸ್ತಕದ ನಡುವೆ ಸೇರಿಸಿದ ಹಾಳೆಗಳಲ್ಲಿ, ಇನ್ನೂರ ಮೂವತ್ತೆಂಟನೆಯ ಪುಟದ ಹಿಂದೆ. ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿದೆ. ಹಬೆ ಹಿಡಿದು ಬಿಡಿಸುವಷ್ಟು ಕಷ್ಟ ಮುಂದೆ ಯಾರಿಗಾದರೂ ಬಂದರೆ ಅವರಿಗೆ ಸಿಗಲಿ. ನಾನಾಗಿ ಯಾರಿಗೂ ಹೇಳುವುದಿಲ್ಲ, ಸುವರ್ಣಾಗೂ ಇಲ್ಲ. ಹೊರಗೆ ಹೆಜ್ಜೆ ಸದ್ದು ಕೇಳುತ್ತಿದೆ, ಭಾರ ಹೊತ್ತವರ ಹೆಜ್ಜೆ. ನಾನು ತಲೆ ತಗ್ಗಿಸಿ ಅಂಟು ತಿರುವುತ್ತಿದ್ದೇನೆ.